ಪ್ರೋಗ್ರೆಸಿವ್ ಚಷ್ಮಾ ಹಾಕಿದರೆ ನೆಲ ತೇಲಿದಂತಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 49 ವರ್ಷ. ಜಮಖಂಡಿಯಲ್ಲಿ ಔಷಧಿ ಅಂಗಡಿ ಇದೆ. ನಾಲ್ಕೈದು ವರ್ಷದಿಂದ ಓದಲಿಕ್ಕೆ ಬಜಾರದಲ್ಲಿ ಸಿಗುವ 1.50ರ ರೆಡಿಮೇಡ್ ಚಾಳೀಸು ಹಾಕುತ್ತಿದ್ದೆ. ದೂರಕ್ಕೆ ಏನೂ ಬೇಕಿರಲಿಲ್ಲ. ದಿನಕ್ಕೆ ನೂರು ಸಲ ತೆಗೆದು ಹಾಕಿ ಬೇಸತ್ತು, ಈ ಸಲ ಕಣ್ಣು ತೋರಿಸಿ ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು, ದೂರಕ್ಕೂ ಓದಲಿಕ್ಕೂ ಗೆರೆಯಿಲ್ಲದ ಒಂದೇ ಗ್ಲಾಸಿರುವ ಪ್ರೋಗ್ರೆಸಿವ್ ಮಾಡಿಸಿದೆ. ಚೀಟಿಯಲ್ಲಿ ಎರಡೂ ಕಣ್ಣಿಗೆ ದೂರಕ್ಕೆ +1.00, ಅಡಿಷನ್ (ಓದಲಿಕ್ಕೆ ಅದರ ಮೇಲೆ ಕೂಡಿಸುವ ಶಕ್ತಿ) +2.00 ಎಂದಿದೆ. ಹಾಕಿಕೊಂಡು ಹನ್ನೆರಡು ದಿನವಾಯಿತು. ಪಾವಟಿಗೆ ಇಳಿಯುವಾಗ ನೆಲ ತೇಲುತ್ತದೆ, ಅಕ್ಕಪಕ್ಕ ಮಸುಕು, ರ‍್ಯಾಕಿನ ಮೇಲಿನ ಸಾಲಿನ ಹೆಸರು ಓದಲಾಗುವುದಿಲ್ಲ. ದೂರದ ಬೋರ್ಡು ಚಷ್ಮಾ ತೆಗೆದರೇ ಚಲೋ ಕಾಣುತ್ತದೆ. ಚಷ್ಮಾ ಅಂಗಡಿಯವರು ‘ರೂಢಿ ಆಗ್ತದ್ರಿ’ ಅನ್ನುತ್ತಾರೆ. ಮನೆಯಲ್ಲಿ, ನಡುವೆ ಗೆರೆಯಿದ್ದು ದೂರಕ್ಕೊಂದು ಓದಲಿಕ್ಕೊಂದು ನಂಬರ್ ಇರುವ ಬೈಫೋಕಲ್‌ಗೆ ಬದಲಿಸಿಕೊಳ್ಳಿ ಅನ್ನುತ್ತಾರೆ. ಯಾರ ಮಾತು ಕೇಳಲಿ? ಅಂದಹಾಗೆ, ಕಣ್ಣು ತೋರಿಸುವ ಹದಿನೈದು ದಿನ ಮೊದಲು ಶುಗರ್ ಇದೆ ಅಂತ ಗೊತ್ತಾಗಿ ಗುಳಿಗೆ ಶುರು ಮಾಡಿದ್ದೇನೆ.

ಉತ್ತರ: ನೀವು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಹೇಳಿದ ಹಾಗೆ ಹೇಳಿದ್ದೀರಲ್ಲ, ಆ ಕೊನೆಯ ಸಾಲು, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ವಿಜಯಪುರದಲ್ಲಿ ಇಪ್ಪತ್ತೈದು ವರ್ಷದಿಂದ ಕಣ್ಣಿನ ನಂಬರ್ ನೋಡಿ ಚಷ್ಮಾ ಕೂರಿಸುವ ಕೆಲಸ ಮಾಡುತ್ತಿದ್ದೇನೆ. ಗಿರಾಕಿ ಎದ್ದು ನಿಂತ ಮೇಲೆ ಹೇಳುವ ಮಾತಿನಲ್ಲೇ ಅರ್ಧ ಉತ್ತರ ಇರುತ್ತದೆ.

ಶುಗರ್ ಬಹಳ ಏರಿದ್ದು ಗುಳಿಗೆಯಿಂದ ಇಳಿಯತೊಡಗಿದಾಗ ಕಣ್ಣೊಳಗಿನ ಮಸೂರದಲ್ಲಿ ನೀರಿನ ಅಂಶ ಏರುಪೇರಾಗಿ ಅದರ ಶಕ್ತಿ ಬದಲಾಗುತ್ತದೆ. ಮೊದಲ ಒಂದೆರಡು ವಾರದಲ್ಲಿ ಕಣ್ಣು ಸಾಮಾನ್ಯವಾಗಿ ಪ್ಲಸ್ ಕಡೆಗೆ ವಾಲುತ್ತದೆ, ಆಮೇಲೆ ಕೆಲವು ವಾರಗಳಲ್ಲಿ ತಾನಾಗಿಯೇ ಹಿಂದಕ್ಕೆ ಬರುತ್ತದೆ. ನೀವು ಸರಿಯಾಗಿ ಆ ಹದಿನೈದನೆಯ ದಿನ ಹೋಗಿ ಕುರ್ಚಿಯಲ್ಲಿ ಕೂತಿದ್ದೀರಿ. ಅವತ್ತು ಬಂದ +1.00 ಅವತ್ತಿನ ಮಟ್ಟಿಗೆ ಸರಿಯೇ ಇದ್ದಿರಬಹುದು, ನೋಡಿದವರ ತಪ್ಪೇನೂ ಇಲ್ಲ. ಆದರೆ ಅದು ನಿಮ್ಮ ಕಣ್ಣಿನ ಕಾಯಂ ನಂಬರ್ ಎಂದು ನನಗೆ ಅನ್ನಿಸುತ್ತಿಲ್ಲ. ದಿನಾ ಶುಗರ್ ಗುಳಿಗೆ ಕೊಡುವ ಕೈಯೇ ತನ್ನ ಕಣ್ಣಿಗೆ ಬಂದಾಗ ಇದನ್ನು ಮರೆಯಿತು ನೋಡಿ.

ಲೆಕ್ಕ ಹಾಕಿ. ಮೊದಲು ಓದಲಿಕ್ಕೆ ನಿಮ್ಮ ಹತ್ತಿರ ಇದ್ದದ್ದು ಒಟ್ಟು +1.50. ಈಗ ಕೆಳಭಾಗದಲ್ಲಿ +1.00ಕ್ಕೆ +2.00 ಕೂಡಿ +3.00 ಆಗಿದೆ, ಒಂದೇ ಏಟಿಗೆ ದುಪ್ಪಟ್ಟು. ಆದರೂ ನಾನು ಪೂರ್ತಿ ಖಾತ್ರಿಯಿಂದ ಹೇಳಲಾರೆ. ಯಾಕೆಂದರೆ ಚಿಕ್ಕಂದಿನಿಂದ ಒಳಗೇ ಅಡಗಿದ್ದ ಪ್ಲಸ್ ನಂಬರ್ ಈ ವಯಸ್ಸಿಗೆ ಹೊರಗೆ ಬರುವುದೂ ಉಂಟು. ಅಂಥವರಿಗೂ ಮೊದಲ ದಿನಗಳಲ್ಲಿ ಚಷ್ಮಾ ತೆಗೆದರೇ ದೂರ ಚಲೋ ಕಾಣುತ್ತದೆ. ಇದಲ್ಲದೆ ಚಷ್ಮಾ ಮೂಗಿನ ಮೇಲೆ ಎತ್ತರವಾಗಿ ಕೂತಿದ್ದರೂ ಹೀಗೇ ಆಗುತ್ತದೆ. ಮೂರರಲ್ಲಿ ಯಾವುದು ಎಂಬುದನ್ನು ಅಂಗಡಿಯಲ್ಲೇ ಕೂತು ಮುಕ್ಕಾಲುಪಾಲು ಕಂಡುಹಿಡಿಯಬಹುದು.

ಚಷ್ಮಾ ಹಾಕಿ, ರಸ್ತೆಯಾಚೆಯ ಒಂದು ಬೋರ್ಡು ಆರಿಸಿಕೊಳ್ಳಿ. ತಲೆ ನೆಟ್ಟಗಿಟ್ಟು ನೋಡಿ, ಮಸುಕಾಗಿರುತ್ತದೆ. ಈಗ ಗದ್ದವನ್ನು ನಿಧಾನ ಎದೆಯ ಕಡೆ ಬಗ್ಗಿಸುತ್ತ, ಗ್ಲಾಸಿನ ತೀರ ಮೇಲಿನ ಅಂಚಿನಿಂದ ಅದೇ ಬೋರ್ಡು ನೋಡಿ. ತಲೆ ಬಗ್ಗಿಸಿದಾಗ ಅಕ್ಷರ ಚೊಕ್ಕ ಆಯಿತೆಂದರೆ ನಂಬರ್ ಸರಿ ಇದೆ, ಗ್ಲಾಸು ಎತ್ತರ ಕೂತಿದೆ ಎಂದರ್ಥ. ಎಷ್ಟು ಬಗ್ಗಿಸಿದರೂ ಮಸುಕು ಹೋಗದಿದ್ದರೆ ಸಂಶಯ ನಂಬರಿನ ಮೇಲೆ. ಇನ್ನೊಂದು ಪರೀಕ್ಷೆ: ಗುಳಿಗೆಯ ಸ್ಟ್ರಿಪ್ಪನ್ನು ಹತ್ತಿರ ಹಿಡಿದು ಗ್ಲಾಸಿನ ಕೆಳಭಾಗದಿಂದ ಎಕ್ಸ್‌ಪೈರಿ ತಾರೀಖು ಓದುತ್ತ, ಕೈಯನ್ನು ದೂರ ಸರಿಸುತ್ತ ಹೋಗಿ. ಒಂದು ಅಡಿ ದಾಟುತ್ತಿದ್ದಂತೆ ಅಕ್ಷರ ಕಲಸಿದರೆ ನಿಮ್ಮ ಈಗಿನ ಕಣ್ಣಿಗೆ ಆ +3.00 ಹೆಚ್ಚಾಗಿದೆ. ಒಂದೂವರೆ ಅಡಿಯ ಆಚೆಗೂ ಓದಲು ಬಂದರೆ ದೂರದ +1.00 ನಿಜವಾಗಿಯೂ ನಿಮ್ಮದೇ. ಮನೆಮದ್ದಿನ ಪರೀಕ್ಷೆ ಅಂದುಕೊಳ್ಳಬೇಡಿ. ಬರಿಗಣ್ಣಿಗೆ ದೂರ ಚೊಕ್ಕ ಕಾಣುವವರ ನೋಟದ ಕೊನೆಯನ್ನು +3.00ರ ಗ್ಲಾಸು 33 ಸೆಂ.ಮೀ.ಗೆ ಎಳೆದು ತರುತ್ತದೆ; ಅದರಲ್ಲಿ +1.00 ದೂರಕ್ಕೇ ಬೇಕಿದ್ದರೆ ಉಳಿಯುವುದು +2.00, ಆಗ 50 ಸೆಂ.ಮೀ.ಗೆ. ಅಷ್ಟೇ ಅದರ ಲೆಕ್ಕ.

ನಂಬರಿನದೇ ತಕರಾರು ಎಂದು ಕಂಡರೆ ಇನ್ನು ರೂಢಿ ಮಾಡಿಕೊಳ್ಳುವ ಹಟ ಬೇಡ. ತಪ್ಪು ನಂಬರಿಗೆ ಕಣ್ಣು ಯಾಕೆ ಒಗ್ಗಬೇಕು? ಅಲ್ಲಿಯತನಕ ಹಳೆಯ 1.50 ಹಾಕಿ ವ್ಯಾಪಾರ ನಡೆಸಿ. ಶುಗರ್ ಒಂದೇ ಮಟ್ಟಕ್ಕೆ ಬಂದು ನಾಲ್ಕಾರು ವಾರ ನಿಂತ ಮೇಲೆ, ಒಂದು ವಾರದ ಅಂತರದಲ್ಲಿ ಎರಡು ಸಲ ನಂಬರ್ ತೆಗೆಸಿ. ಎರಡೂ ಹೊಂದಿದರೆ ಅದನ್ನೇ ಮಾಡಿಸಿ. ಹಾಗೆಯೇ ಹನಿ ಹಾಕಿಸಿಕೊಂಡು ಕಣ್ಣಿನ ಹಿಂಪರದೆ ತೋರಿಸಿಕೊಳ್ಳಿ. ಶುಗರ್ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಕಣ್ಣು ಎಷ್ಟೇ ಚಲೋ ಕಾಣುತ್ತಿದ್ದರೂ. ಒಂದು ಕಣ್ಣಿಗೆ ನೆಟ್ಟಗಿನ ಗೆರೆ ಸೊಟ್ಟ ಕಂಡರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತಾದರೆ ಅದು ಚಷ್ಮಾ ಅಂಗಡಿಯ ಕೆಲಸವಲ್ಲ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ಅಕ್ಕಪಕ್ಕದ ಮಸುಕು. ಇದನ್ನು ಯಾವ ಅಂಗಡಿಯವರೂ ಮಾರುವಾಗ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಜನ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಮೇಲೆ ದೂರದ ಶಕ್ತಿ, ಕೆಳಗೆ ಓದುವ ಶಕ್ತಿ, ನಡುವೆ ಗೆರೆಯಿಲ್ಲದೆ ಒಂದರೊಳಗೊಂದು ಕರಗುವ ಇಳಿಜಾರು, ಇದು ಪ್ರೋಗ್ರೆಸಿವ್. ಇಂಥ ಗ್ಲಾಸು 1959ರಲ್ಲಿ ಫ್ರಾನ್ಸಿನಲ್ಲಿ ವೇರಿಲಕ್ಸ್ ಎಂಬ ಹೆಸರಿನಿಂದ ಬಜಾರಕ್ಕೆ ಬಂತು. ಆ ಇಳಿಜಾರನ್ನು ನುಣುಪಾಗಿ ಮಾಡಿದರೆ ಅದರ ಸೊಟ್ಟತನ ಪಕ್ಕಕ್ಕೆ ಹೋಗಿ ಕೂರುತ್ತದೆ. ರೊಟ್ಟಿ ತಟ್ಟುವಾಗ ನಡುವೆ ಒತ್ತಿದ ಹಿಟ್ಟು ಅಂಚಿಗೆ ಸರಿಯುವುದಿಲ್ಲವೆ, ಹಾಗೆ. 1963ರಲ್ಲಿ ಮಿಂಕ್‌ವಿಟ್ಸ್ ಎಂಬ ಗಣಿತಜ್ಞ ಇದನ್ನು ಲೆಕ್ಕಕ್ಕೆ ಇಳಿಸಿದ: ನಡುಗೆರೆಯಲ್ಲಿ ಕೆಳಗಿಳಿದಂತೆ ಶಕ್ತಿ ಎಷ್ಟು ವೇಗದಲ್ಲಿ ಏರುತ್ತದೋ, ಪಕ್ಕಕ್ಕೆ ಸರಿದಂತೆ ಅದರ ಇಮ್ಮಡಿ ವೇಗದಲ್ಲಿ ಬೇಡದ ಸಿಲಿಂಡರ್, ಅಂದರೆ ಒಂದೇ ದಿಕ್ಕಿಗೆ ಎಳೆದು ಮಸುಕು ಮಾಡುವ ಶಕ್ತಿ, ಏರುತ್ತದೆ. ನಿಮ್ಮ 2.00 ಅಡಿಷನ್ 14 ಮಿ.ಮೀ. ಉದ್ದದಲ್ಲಿ ಏರುತ್ತದೆ ಎಂದು ಹಿಡಿಯಿರಿ. ನಡುಗೆರೆಯಿಂದ ಮೂರೂವರೆ ಮಿ.ಮೀ. ಆಚೆಗೆ ಹೋದರೆ ಸುಮಾರು 1.00 ಸಿಲಿಂಡರ್ ಕಣ್ಣಿಗೆ ಅಡ್ಡ ಬರುತ್ತದೆ. ಎರಡೂ ಕಡೆ ಕೂಡಿದರೆ ಚೊಕ್ಕ ಕಾಣುವ ಓಣಿಯ ಅಗಲ ಬರೀ ಏಳು ಮಿ.ಮೀ.

ಈ ಏಳು ಮಿ.ಮೀ. ನೆನಪಿರಲಿ. ದುಬಾರಿ ಗ್ಲಾಸಿನಲ್ಲಿ ಮಸುಕನ್ನು ಜಾಣತನದಿಂದ ಹರಡಿರುತ್ತಾರೆ, ಇಲ್ಲದಂತೆ ಮಾಡಿರುವುದಿಲ್ಲ. ಓಣಿಯೇ ಏಳು ಮಿ.ಮೀ. ಇರುವಾಗ ಎರಡು ಕಣ್ಪಾಪೆಗಳ ನಡುವಿನ ಅಳತೆಯಲ್ಲಿ ಎರಡು ಮಿ.ಮೀ. ಹೆಚ್ಚುಕಡಿಮೆಯಾದರೆ ನಲವತ್ತು ಸಾವಿರದ ಗ್ಲಾಸೂ ನಾಲ್ಕು ಸಾವಿರದ್ದರ ಕೆಲಸವನ್ನೂ ಮಾಡುವುದಿಲ್ಲ. ಆದ್ದರಿಂದ ಗಿರಾಕಿ ಬ್ರ್ಯಾಂಡ್ ಕೇಳುವ ಬದಲು ‘ಅಳತಿ ಹೆಂಗ ತಗೊಂಡ್ರಿ’ ಎಂದು ಕೇಳಿದರೆ ನನಗೆ ಖುಷಿಯಾಗುತ್ತದೆ. ಎರಡೂ ಕಣ್ಣಿಗೆ ಕೂಡಿ 64 ಎಂದು ಒಂದೇ ಅಂಕಿ ಬರೆದಿದ್ದರೆ ಸಾಲದು. ಮೂಗಿನ ನಡುವಿನಿಂದ ಬಲಗಣ್ಣಿಗೆ ಎಷ್ಟು, ಎಡಗಣ್ಣಿಗೆ ಎಷ್ಟು ಎಂದು ಬೇರೆ ಬೇರೆ ಬೇಕು. ಯಾರ ಮೂಗೂ ಮುಖದ ನಟ್ಟನಡುವೆ ಇರುವುದಿಲ್ಲ. ಆಮೇಲೆ ನೀವು ಆರಿಸಿದ ಅದೇ ಫ್ರೇಮನ್ನು ಮೂಗಿನ ಮೇಲೆ ಬಿಗಿ ಮಾಡಿ ಕೂರಿಸಿ, ಕಣ್ಪಾಪೆ ಎಲ್ಲಿ ಬರುತ್ತದೆ ಎಂದು ಡಮ್ಮಿ ಗ್ಲಾಸಿನ ಮೇಲೆ ಪೆನ್ನಿನಿಂದ ಗುರುತು ಹಾಕಬೇಕು.

ಈ ಗುರುತಿನ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹೊಸದರಲ್ಲಿ, ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ ನಾನು ನಿಂತುಕೊಂಡೇ ಗುರುತು ಹಾಕುತ್ತಿದ್ದೆ. ನನ್ನ ಎತ್ತರ ಆರಡಿಗೆ ಸ್ವಲ್ಪ ಕಡಿಮೆ. ಪಾಪ, ಅವರು ನನ್ನ ಮುಖ ನೋಡಲು ಕಣ್ಣು ಮೇಲೆತ್ತುತ್ತಿದ್ದರು, ಗುರುತೂ ಮೇಲಕ್ಕೆ ಹೋಗುತ್ತಿತ್ತು. ನಿವೃತ್ತ ಮಾಸ್ತರರೊಬ್ಬರು ವಾರ ಬಿಟ್ಟು ಬಂದು, ‘ಏನ್ರಿ ಇದು, ಊರ ಸಾಲ ಎಲ್ಲಾ ನಂದ ಅನ್ನೋವ್ರಂಗ ತಲಿ ತಗ್ಗಿಸಿ ಅಡ್ಡಾಡಾಕತ್ತೀನಿ’ ಅಂದರು. ಮೂರು ಮಿ.ಮೀ. ಮೇಲಾಗಿತ್ತು. ನನ್ನ ಖರ್ಚಿನಲ್ಲೇ ಹೊಸ ಗ್ಲಾಸು ಹಾಕಿಕೊಟ್ಟೆ. ಅವತ್ತಿನಿಂದ ಗುರುತು ಹಾಕುವಾಗ ಗಿರಾಕಿಯ ಎದುರು, ಅವರ ಕಣ್ಣಿನ ಮಟ್ಟಕ್ಕೇ ಸ್ಟೂಲ್ ಇಟ್ಟು ಕೂರುತ್ತೇನೆ.

ನಿಮ್ಮ ಗ್ಲಾಸು ಸರಿಯಾದ ಜಾಗದಲ್ಲಿ ಕೂತಿದೆಯೇ ಎಂಬುದನ್ನು ಗ್ಲಾಸೇ ಹೇಳುತ್ತದೆ. ಬೆಳಕಿನ ಎದುರು ಓರೆ ಹಿಡಿದು ನಿಧಾನ ಹೊರಳಿಸಿ. ಪ್ರತಿ ಗ್ಲಾಸಿನಲ್ಲೂ ಬರಿಗಣ್ಣಿಗೆ ಕಂಡೂ ಕಾಣದಂಥ ಎರಡು ಸಣ್ಣ ಗುರುತುಗಳನ್ನು ಕೆತ್ತಿರುತ್ತಾರೆ, ಒಂದರಿಂದ ಇನ್ನೊಂದಕ್ಕೆ 34 ಮಿ.ಮೀ. ದೂರ. ಕಿವಿಯ ಕಡೆಯ ಗುರುತಿನ ಕೆಳಗೆ ಅಡಿಷನ್, ನಿಮ್ಮದರಲ್ಲಿ 20 ಅಥವಾ 2.00 ಎಂದು ಇರಬೇಕು. ಮೂಗಿನ ಕಡೆಯದರ ಕೆಳಗೆ ಕಂಪನಿಯ ಗುರುತು. ಹೊಸ ಗ್ಲಾಸಿನ ಮೇಲೆ ಹಳದಿ ಅಥವಾ ಬಿಳಿ ಬಣ್ಣದ ಗೆರೆ, ಕೂಡು ಚಿಹ್ನೆ ಎಲ್ಲ ಇರುತ್ತವೆ, ಕೊಡುವ ಮೊದಲು ಸ್ಪಿರಿಟ್‌ನಿಂದ ಒರೆಸುತ್ತಾರೆ. ನೀವು ಅಂಗಡಿಗೆ ಹೋಗಿ, ‘ಕಂಪನಿಯ ಚಾರ್ಟ್ ಮೇಲೆ ಇಟ್ಟು ಮತ್ತೆ ಗುರುತು ಹಾಕಿರಿ’ ಅನ್ನಿ. ಐದು ನಿಮಿಷದ ಕೆಲಸ. ಹಾಕಿಕೊಂಡು ನೆಟ್ಟಗೆ ನೋಡಿದಾಗ ಆ ಕೂಡು ಚಿಹ್ನೆ ಸರಿಯಾಗಿ ಕಣ್ಪಾಪೆಯ ನಡುವೆ ಬರಬೇಕು. ನಿಮ್ಮ ಮೊಬೈಲಿನಲ್ಲಿ ಫೋಟೋ ತೆಗೆಸಿ ನೀವೇ ನೋಡಿಕೊಳ್ಳಿ. ಒಂದೆರಡು ಮಿ.ಮೀ. ಎತ್ತರವಿದ್ದರೆ ನೋಸ್ ಪ್ಯಾಡ್ ಅಗಲಿಸಿದರೆ ಇಳಿಯುತ್ತದೆ. ಓದಲು ಗದ್ದ ಎತ್ತಬೇಕಾಗುತ್ತಿದ್ದರೆ ಗ್ಲಾಸು ಕೆಳಗಿದೆ, ಪ್ಯಾಡ್ ಹತ್ತಿರ ಮಾಡಿದರೆ ಏರುತ್ತದೆ. ಓದುವ ಕಾಗದವನ್ನು ಎಡಕ್ಕೋ ಬಲಕ್ಕೋ ಸರಿಸಿದರೇ ಸ್ಪಷ್ಟ ಕಾಣುವುದಾದರೆ ಅಡ್ಡ ಅಳತೆ ತಪ್ಪಿದೆ. ಅದಕ್ಕೆ ಪ್ಯಾಡಿನ ಉಪಾಯ ನಡೆಯುವುದಿಲ್ಲ, ಗ್ಲಾಸನ್ನೇ ಬದಲಿಸಬೇಕು.

ಫ್ರೇಮ್ ಬಗ್ಗೆ ನೀವು ಏನೂ ಬರೆದಿಲ್ಲ. ತೀರ ಗಿಡ್ಡ ಫ್ರೇಮ್ ತೆಗೆದುಕೊಂಡಿದ್ದರೆ ಓದುವ ಭಾಗ ಕತ್ತರಿಸಿ ಹೋಗಿರುತ್ತದೆ. ಕಣ್ಪಾಪೆಯಿಂದ ಕೆಳ ಅಂಚಿಗೆ 18 ಮಿ.ಮೀ. ಆದರೂ ಇರಲಿ. ಮುಖಕ್ಕೆ ಹತ್ತಿರ ಕೂರಲಿ, ಕೆಳ ಅಂಚು ಕೆನ್ನೆಯ ಕಡೆ ತುಸು ಬಾಗಿರಲಿ. ಕಿಟಕಿಗೆ ಹತ್ತಿರ ನಿಂತಷ್ಟೂ ಹೊರಗೆ ಹೆಚ್ಚು ಕಾಣುವಂತೆ ಓಣಿಯೂ ಅಗಲವಾಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಮೂಗು ಬೆವರಿ ಚಷ್ಮಾ ಜಾರುತ್ತದೆ, ಎರಡು ಮಿ.ಮೀ. ಜಾರಿದರೂ ಲೆಕ್ಕವೆಲ್ಲ ತಲೆಕೆಳಗು. ಏಪ್ರಿಲ್-ಮೇದಲ್ಲಿ ಬಂದು ‘ನಂಬರ್ ಬದಲಾಗೇದ್ರಿ’ ಅನ್ನುವವರ ಪೈಕಿ ಎಷ್ಟೋ ಜನರಿಗೆ ನಾನು ಕಡ್ಡಿಯ ತುದಿ ಬಗ್ಗಿಸಿ ಬಿಗಿ ಮಾಡಿ ಕಳಿಸುತ್ತೇನೆ, ಅಷ್ಟೇ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ, ಮೇಲಿನ ಕೋಟಿಂಗ್ ಬಿರುಕು ಬಿಡುತ್ತದೆ. ನೀಲಿ ಬೆಳಕು ತಡೆಯುವ ಬ್ಲೂ ಕಟ್‌ಗೆ ಹೆಚ್ಚಿನ ಹಣ ಕೊಡಬೇಡಿ. ಅದರಿಂದ ಕಂಪ್ಯೂಟರ್ ನೋಡುವ ದಣಿವು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆಯಲ್ಲೂ ಬಂದಿದೆ.

ಈಗ ರ‍್ಯಾಕಿನ ಮಾತು. ನಂಬರ್ ಸರಿಯಾಗಲಿ, ಅಳತೆ ಸರಿಯಾಗಲಿ, ಮೇಲಿನ ಸಾಲು ಮಾತ್ರ ಪ್ರೋಗ್ರೆಸಿವ್‌ನಲ್ಲಿ ಓದಲು ಬರುವುದೇ ಇಲ್ಲ. ತಲೆಯ ಮೇಲಿನ ಸಾಲು ನೋಡಲು ಗ್ಲಾಸಿನ ಮೇಲ್ಭಾಗದಿಂದ ನೋಡುತ್ತೀರಿ, ಅಲ್ಲಿರುವುದು ದೂರದ ನಂಬರ್. ಡಬ್ಬಿಯಿರುವುದು ಎರಡಡಿ ಆಚೆ. ಆಮೇಲೆ ನೀವು ಗೂಳಿಯ ಹಾಗೆ ಕತ್ತು ಎತ್ತಿ, ಬಾಯಿ ತೆರೆದು, ಕೆಳಭಾಗದಿಂದ ಓದಲು ಹೆಣಗುತ್ತೀರಿ. ದಿನಕ್ಕೆ ನೂರು ಸಲ ಹಾಗೆ ಮಾಡಿದರೆ ಕತ್ತು ಹಿಡಿಯದೆ ಇರುತ್ತದೆಯೆ? ಬೈಫೋಕಲ್ ತೆಗೆದುಕೊಂಡರೂ ಈ ಕಷ್ಟ ತಪ್ಪುವುದಿಲ್ಲ. ಮನೆಯವರಿಗೆ ಇಷ್ಟು ಹೇಳಿ: ಅದರಲ್ಲಿ ಓದುವ ಭಾಗ ಅಗಲ ಸಿಗುತ್ತದೆ, ನೆಲ ಅಷ್ಟು ತೇಲುವುದಿಲ್ಲ, ಬೆಲೆಯೂ ಕಡಿಮೆ, ಎಲ್ಲ ನಿಜ. ಆದರೆ ಬಿಲ್ಲಿಂಗ್ ಕಂಪ್ಯೂಟರ್ ಇರುವುದು ಓದುವ ದೂರಕ್ಕೂ ರಸ್ತೆಯ ದೂರಕ್ಕೂ ನಡುವೆ, ಎರಡಡಿಯಲ್ಲಿ. ಬೈಫೋಕಲ್‌ನಲ್ಲಿ ಆ ದೂರಕ್ಕೆ ಜಾಗವೇ ಇಲ್ಲ. ಹತ್ತು ವರ್ಷದಿಂದ ಬೈಫೋಕಲ್ ಹಾಕಿ ಸುಖವಾಗಿರುವವರಿಗೆ ನಾನು ಬದಲಿಸಿ ಎಂದು ಹೇಳುವುದೇ ಇಲ್ಲ. ನೀವು ಆ ಗುಂಪಿನವರಲ್ಲ.

ಚಷ್ಮಾ ಆರಿಸುವ ಮೊದಲು ದಿನವಿಡೀ ನೀವು ಏನೇನು ನೋಡುತ್ತೀರಿ ಎಂದು ಅಳೆಯಬೇಕು. ಗುಳೇದಗುಡ್ಡದಿಂದ ಖಣ ನೇಯುವ ಒಬ್ಬರು ಬಂದಿದ್ದರು, ಮಗ ಹೇಳಿದನೆಂದು ಪ್ರೋಗ್ರೆಸಿವ್ ಬೇಕಂತ. ಮಗ್ಗದ ಮುಂದೆ ಕೂತಂತೆ ಕೂರಿಸಿ, ಕಣ್ಣಿನಿಂದ ಎಳೆಗೆ ಟೇಪು ಹಿಡಿದೆ, ಎರಡಡಿ ಹತ್ತಿರ ಹತ್ತಿರ. ಎಡಗಡೆಯ ಅಂಚಿನಿಂದ ಬಲಗಡೆಯ ಅಂಚಿನ ತನಕ ಲಾಳಿ ಓಡುವಷ್ಟು ದೂರ ಕಣ್ಣೂ ಓಡಬೇಕು, ಎಳೆ ಎಲ್ಲಿ ಹರಿದರೂ ಕಾಣಬೇಕು. ಏಳು ಮಿ.ಮೀ. ಓಣಿಯಲ್ಲಿ ಅವರನ್ನು ಕಟ್ಟಿಹಾಕುವುದು ಪಾಪದ ಕೆಲಸ. ಆ ಎರಡಡಿಗೆ ಸರಿಹೋಗುವ ಒಂದೇ ನಂಬರಿನ ಸಾದಾ ಗ್ಲಾಸು ಹಾಕಿಕೊಟ್ಟೆ, ಸಾವಿರ ರೂಪಾಯಿಯೊಳಗೆ ಮುಗಿಯಿತು.

ನಿಮ್ಮದೂ ಅರ್ಧ ಅದೇ ಕಥೆ. ಗಲ್ಲಾದಲ್ಲಿ ಕೂತ ಹನ್ನೆರಡು ತಾಸಿನಲ್ಲಿ ನಿಮಗೆ ಬೇಕಾದದ್ದು ಒಂದಡಿಯಿಂದ ನಾಲ್ಕಡಿ: ಸ್ಟ್ರಿಪ್, ಡಾಕ್ಟರ ಚೀಟಿ, ಕಂಪ್ಯೂಟರ್, ರ‍್ಯಾಕು, ಎದುರು ನಿಂತ ಗಿರಾಕಿಯ ಮುಖ. ಇದಕ್ಕೆಂದೇ ಆಫೀಸ್ ಲೆನ್ಸ್ ಎಂದು ಬರುತ್ತದೆ. ಕೆಳಗೆ ಓದುವ ನಂಬರ್, ಮೇಲಕ್ಕೆ ಹೋದಂತೆ ಶಕ್ತಿ ಸ್ವಲ್ಪ ಇಳಿಯುತ್ತದೆ, ದೂರದ ನಂಬರಿನ ತನಕ ಹೋಗುವುದೇ ಇಲ್ಲ. ಇಳಿಜಾರು ಕಡಿಮೆ, ಆದ್ದರಿಂದ ಓಣಿ ಅಗಲ, ಪಕ್ಕದ ಮಸುಕೂ ಕಡಿಮೆ. ಮೇಲಿನ ಸಾಲೂ ಕೈಗೆ ಬರುತ್ತದೆ. ಅದನ್ನು ಹಾಕಿಕೊಂಡು ಗಾಡಿ ಮಾತ್ರ ಹೊಡೆಯಬಾರದು, ರಸ್ತೆ ಮಸುಕಾಗಿರುತ್ತದೆ. ನಿಮ್ಮ ದೂರದ ನಂಬರ್ ಮತ್ತೆ ಸೊನ್ನೆಗೆ ಬಂದರಂತೂ ಇನ್ನೂ ಸುಲಭ, ಅಂಗಡಿಯಲ್ಲಿ ಆಫೀಸ್ ಲೆನ್ಸ್, ಹೊರಗೆ ಬರಿಗಣ್ಣು. ನಾನು ನಿಮ್ಮ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ. ಮದುವೆ, ಸಂತೆ, ಬ್ಯಾಂಕು ಎಲ್ಲ ಕಡೆ ಒಂದೇ ಚಷ್ಮಾ ಬೇಕು ಎಂಬ ಆಸೆಯಿದ್ದರೆ ಪ್ರೋಗ್ರೆಸಿವ್ ಇರಲಿ, ರ‍್ಯಾಕಿಗೆ ಎರಡು ಮೆಟ್ಟಿಲ ಸ್ಟೂಲ್ ಇಟ್ಟುಕೊಳ್ಳಿ.

ಹಾಗೆ ಸರಿಯಾದ ನಂಬರಿನ, ಸರಿಯಾಗಿ ಕೂತ ಪ್ರೋಗ್ರೆಸಿವ್ ಬಂದಾಗ ರೂಢಿ ಮಾಡಿಕೊಳ್ಳುವ ಮಾತು ಬರುತ್ತದೆ. ನೆಲ ಯಾಕೆ ತೇಲುತ್ತದೆ ಗೊತ್ತೆ? ತಲೆ ಹೊರಳಿದಾಗ ಕಣ್ಣು ಎಷ್ಟು ಹೊರಳಬೇಕು ಎಂದು ಮಿದುಳು ಹುಟ್ಟಿದಾಗಿನಿಂದ ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಹೊಸ ಗ್ಲಾಸಿನಲ್ಲಿ ಒಂದೊಂದು ಕಡೆ ವಸ್ತು ಒಂದೊಂದು ಅಳತೆಗೆ ದೊಡ್ಡದಾಗಿ ಕಾಣುವುದರಿಂದ ಹಳೆಯ ಲೆಕ್ಕ ತಾಳೆ ಬೀಳುವುದಿಲ್ಲ. ಹೊಸ ಲೆಕ್ಕ ಕಲಿಯಲು ಕೆಲವರಿಗೆ ಎರಡು ದಿನ, ಹೆಚ್ಚಿನವರಿಗೆ ವಾರ-ಎರಡು ವಾರ. ಕಲಿಯಬೇಕೆಂದರೆ ಬೆಳಿಗ್ಗೆ ಎದ್ದಕೂಡಲೇ ಹಾಕಬೇಕು, ಮಲಗುವಾಗಲೇ ತೆಗೆಯಬೇಕು. ಮಧ್ಯಾಹ್ನ ಸಿಟ್ಟಿಗೆ ಹಳೆಯದನ್ನು ಹಾಕಿಕೊಂಡರೆ ಬೆಳಗಿನ ಪಾಠವೆಲ್ಲ ಹೋಯಿತು. ಪಕ್ಕದ ವಸ್ತು ನೋಡುವಾಗ ಕಣ್ಣು ಹೊರಳಿಸುವ ಬದಲು ಮೂಗನ್ನೇ ಅದರ ಕಡೆ ತಿರುಗಿಸಿ. ಮೊದಲ ಮೂರು ನಾಲ್ಕು ದಿನ ಗಾಡಿ ಬೇಡ.

ಪಾವಟಿಗೆ ಇಳಿಯುವುದು ಎಲ್ಲಕ್ಕಿಂತ ತ್ರಾಸಿನದು, ನನಗೂ ಆಗಿದೆ. ನನ್ನ ಮೊದಲ ಪ್ರೋಗ್ರೆಸಿವ್ ಹಾಕಿದ ಐದನೆಯ ದಿನವೇ ಬೆಳಗಾವಿಯಿಂದ ಬೀಗರು ಬಂದರು, ಗೋಳಗುಮ್ಮಟ ತೋರಿಸಬೇಕಾಯಿತು. ಮೂಲೆಯ ಬುರುಜಿನೊಳಗಿನ ಇಕ್ಕಟ್ಟಾದ ಕಡಿದಾದ ಮೆಟ್ಟಿಲು ಹತ್ತುವಾಗ ಏನೂ ಅನಿಸಲಿಲ್ಲ. ಇಳಿಯುವಾಗ ಮಾತ್ರ ಕಾಲಿಡುವ ಕಲ್ಲು ಅರ್ಧ ಗೇಣು ಮೇಲೆ ಬಂದ ಹಾಗೆ, ಮತ್ತೆ ಕೆಳಗೆ ಹೋದ ಹಾಗೆ. ಕಣ್ಣು ಮಾತ್ರ ಕೆಳಗಿಳಿಸಿ ನೋಡುತ್ತಿದ್ದೆ, ಅಂದರೆ ಐದಡಿ ದೂರದ ಕಲ್ಲನ್ನು ಓದುವ ನಂಬರಿನಿಂದ! ಗಿರಾಕಿಗಳಿಗೆ ದಿನಾ ಹೇಳುವ ಮಾತು ನಡುದಾರಿಯಲ್ಲಿ ನೆನಪಾಗಿ ಗದ್ದವನ್ನು ಎದೆಗೆ ಒತ್ತಿಕೊಂಡೆ, ಮೇಲಿನ ಭಾಗದಿಂದ ಕಲ್ಲು ನೆಟ್ಟಗೆ ಕಂಡಿತು. ನೀವೂ ಹಾಗೇ ಮಾಡಿ, ಒಂದು ಕೈ ಗೋಡೆಯ ಮೇಲಿರಲಿ. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದು ಇಂಥ ಚಷ್ಮಾ ಹಾಕಿಯೇ ಹೊರಗೆ ಅಡ್ಡಾಡುತ್ತಿದ್ದರೆ ಅವರಿಗೆ ಬರೀ ದೂರದ ಒಂದು ಚಷ್ಮಾ ಬೇರೆ ಮಾಡಿಸಿಕೊಡಿ. ಹೊರಗೆ ಹೆಚ್ಚು ತಿರುಗಾಡುವ ಹಿರಿಯರು ಹಾಗೆ ಮಾಡಿದಾಗ ಬೀಳುವುದು ಕಡಿಮೆಯಾಯಿತೆಂದು 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿದೆ. ಮನೆಯಲ್ಲೇ ಇರುವವರಿಗೆ ಅದರಿಂದ ಲಾಭವಾಗಲಿಲ್ಲ ಎಂಬುದೂ ಅದರಲ್ಲೇ ಇದೆ, ಅವರನ್ನು ಸುಮ್ಮನೆ ಬದಲಿಸಲು ಹೋಗಬೇಡಿ.

ಹದಿನಾಲ್ಕು ಸಾವಿರದ ಚಿಂತೆ ನಿಮಗಿದೆ, ಗೊತ್ತು. ಎಷ್ಟೋ ಲೆನ್ಸ್ ಕಂಪನಿಗಳು ಪ್ರೋಗ್ರೆಸಿವ್ ಒಗ್ಗದಿದ್ದರೆ ಇಂತಿಷ್ಟು ದಿನದೊಳಗೆ ಬೇರೆ ಗ್ಲಾಸು ಮಾಡಿಕೊಡುತ್ತವೆ. ಬಿಲ್ಲು, ವಾರಂಟಿ ಕಾರ್ಡು ತೆಗೆದು ತಾರೀಖು ನೋಡಿ, ಹನ್ನೆರಡು ದಿನ ಈಗಾಗಲೇ ಹೋಗಿವೆ. ಜಗಳಕ್ಕೆ ಹೋಗುವುದು ಬೇಡ, ನಾಳೆಯೇ ಹೋಗಿ ಶುಗರಿನ ವಿಷಯ ಹೇಳಿ, ನಂಬರ್ ನಿಂತ ಮೇಲೆ ಗ್ಲಾಸು ಬದಲಿಸಿಕೊಡುತ್ತೀರಾ ಎಂದು ಕೇಳಿ, ಒಪ್ಪಿದರೆ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಮತ್ತೆ ಕಣ್ಣು ತೋರಿಸಲು ಹೋಗುವಾಗ ಆ ಹಳೆಯ 1.50ರ ಚಾಳೀಸು, ನಿಮಗೆ ಓದಲು ಅತಿ ಕಷ್ಟವಾಗುವ ಒಂದು ಸ್ಟ್ರಿಪ್, ಈ ತಿಂಗಳ ಶುಗರ್ ರಿಪೋರ್ಟು ಜೊತೆಗಿರಲಿ. ಗಲ್ಲಾದಲ್ಲಿ ಕೂತು ಕಣ್ಣಿನಿಂದ ಕಂಪ್ಯೂಟರಿಗೆ, ಕಣ್ಣಿನಿಂದ ಮೇಲಿನ ರ‍್ಯಾಕಿಗೆ ಎಷ್ಟು ಇಂಚು ಎಂದು ಟೇಪಿನಲ್ಲಿ ಅಳೆದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.